ದೇವರ ಗೂಡಿನ ಕಾರ್ಡು

ಮಹಾನಂದಾ ನಾಲ್ಕನೆಯ ರೊಟ್ಟಿ ತಟ್ಟುತ್ತಿದ್ದಳು. ಕುಂದಲಹಳ್ಳಿಯ ಕೃಷ್ಣಮ್ಮನ ವಠಾರದಲ್ಲಿ ಸಾಲಾಗಿ ಎಂಟು ಕೋಣೆಗಳಿದ್ದವು. ಬೆಳಗಿನ ಹೊತ್ತು ರೊಟ್ಟಿ ಬಡಿಯುವ ಸದ್ದು ಕೇಳುತ್ತಿದ್ದುದು ಅವಳ ಕೋಣೆಯೊಂದರಿಂದಲೇ. ಉಳಿದ ಕಡೆ ಕುಕ್ಕರುಗಳು ಒಂದಕ್ಕೊಂದು ಉತ್ತರ ಕೊಡುವಂತೆ ಕೂಗುತ್ತಿದ್ದವು. ಹಂಚು ಕಾದಿತ್ತು. ಅಂಗೈಯಡಿ ಹಿಟ್ಟು ತಿರುಗುತ್ತ ತಟ್ಟೆಯಗಲಕ್ಕೆ ಬೆಳೆಯುತ್ತಿತ್ತು. ಇನ್ನೊಂದು ಸುತ್ತು ತಟ್ಟಿದರೆ ಎತ್ತಿ ಹಾಕಬಹುದಿತ್ತು, ಅಷ್ಟರಲ್ಲಿ ಮಗಳು ಸವಿತಾ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಎರಡು ಜಡೆಗಳಲ್ಲಿ ಒಂದಕ್ಕೆ ಮಾತ್ರ ರಿಬ್ಬನ್ನಿತ್ತು. ಇನ್ನೊಂದು ರಿಬ್ಬನ್ ಕೈಯಲ್ಲಿತ್ತು.

"ಅವ್ವಾ, ನಾಳೆ ಸಾಲಿಗೆ ಫೋಟೋ ಒಯ್ಯಬೇಕು."

"ಯಾರ ಫೋಟೋ?"

"ನಂದು, ನಿಂದು, ಅಪ್ಪಂದು. ಚಾರ್ಟಿಗೆ ಅಂಟಿಸಿ ಮ್ಯಾಲ 'ನನ್ನ ಕುಟುಂಬ' ಅಂತ ಬರೀಬೇಕು. ಟೀಚರ್ ಹೋದ ವಾರ ಹೇಳಿದ್ರು."

"ಹೋದ ವಾರ ಹೇಳಿದ್ದು ನನಗ ಇವತ್ತ ಹೇಳ್ತಿಯೇನು?"

ಸವಿತಾ ಏನೋ ಹೇಳಲು ಬಾಯಿ ತೆರೆದಳು. ಮತ್ತೆ ಹಾಗೇ ಮುಚ್ಚಿಕೊಂಡು ಕೈಯಲ್ಲಿದ್ದ ರಿಬ್ಬನನ್ನು ಬೆರಳಿಗೆ ಸುತ್ತತೊಡಗಿದಳು. ಹಂಚಿನ ಮೇಲಿದ್ದ ಮೂರನೆಯ ರೊಟ್ಟಿ ಸೀದ ವಾಸನೆ ಬಂದಾಗಲೇ ಮಹಾನಂದಾಗೆ ಎಚ್ಚರವಾದದ್ದು. ಮಗುಚಿ ನೋಡಿದರೆ ಕಪ್ಪಗಾಗಿತ್ತು. ಅದನ್ನು ತನ್ನ ಪಾಲಿಗೆಂದು ಪಕ್ಕಕ್ಕಿಟ್ಟುಕೊಂಡು ಕೈ ತೊಳೆದಳು. ಮಗಳನ್ನು ಮುಂದೆ ಕೂರಿಸಿಕೊಂಡು ಇನ್ನೊಂದು ಜಡೆಗೂ ರಿಬ್ಬನ್ ಕಟ್ಟಿದಳು.

"ಅದಕ್ಯಾಕ ಚಿಂತಿ ಮಾಡ್ತಿ? ಅಪ್ಪನ ಮಾರಿ ಕಾರ್ಡಿನ್ಯಾಗ ಐತಿ. ಇವತ್ತ ಸಂಜಿಗೆ ಹೋಗಿ ತಗಿಸಿಕೊಂಡ ಬರೋಣಂತ."

ಕೋಣೆಯ ಮೂಡಣ ಗೋಡೆಯಲ್ಲಿ ದೇವರ ಗೂಡಿತ್ತು. ಅದರಲ್ಲಿ ಬಸವಣ್ಣನ ಒಂದು ಪಟ, ವಿಭೂತಿ ಗಟ್ಟಿ, ಕುಂಕುಮದ ಭರಣಿ. ಅವುಗಳ ನಡುವೆ ಒಂದು ಚಿಕ್ಕ ಹಿತ್ತಾಳೆ ತಟ್ಟೆಯಲ್ಲಿ, ಬೆರಳಿನ ಎರಡು ಗೆಣ್ಣಿನಷ್ಟಿದ್ದ ನೀಲಿ ಬಣ್ಣದ ಕಾರ್ಡು. ಕ್ಯಾಮೆರಾದಲ್ಲಿ ತೆಗೆದ ಫೋಟೋಗಳೆಲ್ಲ ಹೋಗಿ ಕೂರುವ ಮೆಮೊರಿ ಕಾರ್ಡು ಅದು. ಸವಿತಾ ದಿನವೂ ಶಾಲೆಗೆ ಹೊರಡುವ ಮುಂಚೆ ಬಸವಣ್ಣನಿಗೊಮ್ಮೆ, ಕಾರ್ಡಿಗೊಮ್ಮೆ ಕೈ ಮುಗಿಯುತ್ತಿದ್ದಳು. ಅಂದೂ ಮುಗಿದಳು.

ಚನಬಸಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕಟ್ಟಡಗಳಿಗೆ ಕಂಬಿ ಕಟ್ಟುವ ಕೆಲಸ ಅವನದು. ಕುಷ್ಟಗಿ ಕಡೆಯಿಂದ ಹೆಂಡತಿ, ಕೂಸಿನ ಜೊತೆ ಬಂದು ಈ ಕೋಣೆ ಹಿಡಿದಿದ್ದ. ಮಹಾನಂದಾ ಅಡುಗೆಗೆ ಹೋಗುತ್ತಿದ್ದ ಬ್ರೂಕ್‌ಫೀಲ್ಡಿನ ಶೋಭಾರಾಣಿ ಮೇಡಂ ಒಂದು ದೀಪಾವಳಿಗೆ ತಮ್ಮ ಹಳೆಯ ಕ್ಯಾಮೆರಾ ಕೊಟ್ಟಿದ್ದರು. ಚನಬಸಪ್ಪ ಅದನ್ನು ಊಟಕ್ಕೆ ಕೂತಾಗಲೂ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದ. ಕಂಡದ್ದನ್ನೆಲ್ಲ ತೆಗೆಯುವನು. ತಾನು ಕಟ್ಟಿದ ಕಂಬಿ, ಹೆಂಡತಿ ತೊಳೆಯುತ್ತಿದ್ದ ಪಾತ್ರೆ, ವಠಾರದ ಬೆಕ್ಕು, ಯಾವುದನ್ನೂ ಬಿಡಲಿಲ್ಲ. ಒಂದು ಭಾನುವಾರ ಮಹಾನಂದಾ ಕ್ಯಾಮೆರಾ ಕಸಿದುಕೊಂಡು, "ಎಲ್ಲಾರದೂ ತಗೀತಿ, ನಿಂದ ಒಂದೂ ಇಲ್ಲ, ನಿಂದರ ಅಲ್ಲಿ" ಎಂದು ಅವನದೇ ಹದಿನಾಲ್ಕು ಫೋಟೋ ತೆಗೆದಿದ್ದಳು. ಹದಿನಾಲ್ಕು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಸಲ ಗುಂಡಿ ಒತ್ತಿದಾಗಲೂ ಅವನು ಜೋರಾಗಿ ಎಣಿಸಿದ್ದ.

ಮುಂದಿನ ಮಳೆಗಾಲದಲ್ಲಿ ಅವನಿಗೆ ಕಾಮಾಲೆಯಾಯಿತು. ಹದಿನೆಂಟೇ ದಿನ. ಮಣ್ಣಿಗೆ ಬಂದಿದ್ದ ಮೈದುನ ಈಶಪ್ಪ ಊರಿಗೆ ಹಿಂದಿರುಗುವಾಗ, "ಅಣ್ಣನ ನೆನಪಿಗೆ ಕ್ಯಾಮೆರಾ ನನಗ ಕೊಡ ಅತ್ತಿಗಿ" ಅಂದ. ಮಹಾನಂದಾ ಹಿಂದೆಮುಂದೆ ನೋಡಲಿಲ್ಲ. ಶೋಭಾರಾಣಿ ಮೇಡಂ ಹಿಂದೊಮ್ಮೆ, "ಕ್ಯಾಮೆರಾ ಬರೀ ಡಬ್ಬ ಕಣೆ, ಎಲ್ಲಾ ಇರೋದು ಕಾರ್ಡಲ್ಲಿ. ಅದೊಂದು ಜೋಪಾನ" ಎಂದದ್ದು ಅವಳ ಮನಸ್ಸಿನಲ್ಲಿ ಕೂತಿತ್ತು. ಕಾರ್ಡು ಹಿರಿದುಕೊಂಡು ಕ್ಯಾಮೆರಾ ಕೊಟ್ಟಳು. ಮಾರನೆಯ ವರ್ಷ ಮೇಡಂ ಪುಣೆಗೆ ಹೋದರು.

ಜೋಪಾನ ಅಂದರೆ ಹೇಗೆ? ಪೆಟ್ಟಿಗೆಯಲ್ಲಿಟ್ಟರೆ ಜಿರಲೆ, ಕಪಾಟು ಇಲ್ಲ. ದೇವರ ಗೂಡಿಗಿಂತ ಭದ್ರವಾದ ಜಾಗ ಆ ಕೋಣೆಯಲ್ಲಿ ಇನ್ನೊಂದಿರಲಿಲ್ಲ. ಅಲ್ಲಿಟ್ಟ ಮೇಲೆ ಪೂಜೆಯೂ ಬೇಕಲ್ಲ. ಊರಲ್ಲಿ ತೀರಿಕೊಂಡ ಹಿರಿಯರ ಪಟಕ್ಕೆ ಸೋಮವಾರ ವಿಭೂತಿ ಹಚ್ಚುತ್ತಾರೆ. ಇಲ್ಲಿ ಪಟವಿಲ್ಲ, ಕಾರ್ಡಿದೆ. ಅವಳು ಮೊದಲ ಸೋಮವಾರ ಕಾರ್ಡನ್ನು ಹಿಂದೆಮುಂದೆ ತಿರುಗಿಸಿ ನೋಡಿದ್ದಳು. ಒಂದು ಬದಿಗೆ ಚೀಟಿ ಅಂಟಿಸಿತ್ತು. ಇನ್ನೊಂದು ಬದಿಯ ತುದಿಯಲ್ಲಿ ಬಂಗಾರದ ಬಣ್ಣದ ಒಂಬತ್ತು ಪಟ್ಟಿಗಳು ಸಾಲಾಗಿ ಹೊಳೆಯುತ್ತಿದ್ದವು. ಹೊಳೆಯುವುದೇ ಮುಂಭಾಗ ಎಂದು ತೀರ್ಮಾನಿಸಿ, ಅಲ್ಲೇ ಅವನ ಹಣೆಯಿರಬೇಕೆಂದು ಮೂರು ಬೆರಳಿನಿಂದ ಒದ್ದೆ ವಿಭೂತಿ ಎಳೆದು, ಕೆಳಗೆ ಕುಂಕುಮ ಇಟ್ಟಳು. ಅಂದಿನಿಂದ ಒಂದು ಸೋಮವಾರವೂ ತಪ್ಪಿರಲಿಲ್ಲ. ಅಮಾವಾಸ್ಯೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಸದಾಗಿ ಹಚ್ಚುವಳು.

ಬೇರೆ ಫೋಟೋಗಳೇ ಇರಲಿಲ್ಲ ಅಂತಲ್ಲ. ಮಠದ ಸಾಮೂಹಿಕ ಮದುವೆಯಲ್ಲಿ ತೆಗೆದದ್ದೊಂದು ಇತ್ತು. ಐವತ್ತೊಂದು ಜೋಡಿ ಸಾಲಾಗಿ ನಿಂತಿದ್ದಾರೆ, ಎಲ್ಲರ ಹಣೆಗೂ ಬಾಸಿಂಗ. ಬಾಸಿಂಗದ ಮುತ್ತಿನ ಎಳೆಗಳು ಮೂಗಿನವರೆಗೆ ಇಳಿಬಿದ್ದು, ಯಾವ ಮದುಮಗ ಯಾರವನೆಂದು ಅವರವರ ತಾಯಂದಿರೂ ಹೇಳುವಂತಿಲ್ಲ. ಚುನಾವಣೆಯ ಗುರುತಿನ ಚೀಟಿಯಲ್ಲಿದ್ದುದಂತೂ ಮಸಿಯ ಮುದ್ದೆ. ಅದನ್ನು ಕಂಡು ಚನಬಸಪ್ಪನೇ, "ಇದನ್ನ ತೋರಿಸಿ ಯಾರ ಬೇಕಾದರೂ ಓಟು ಹಾಕಬಹುದು" ಎಂದು ನಗುತ್ತಿದ್ದ.

ಕಾರ್ಡನ್ನು ಸ್ಟುಡಿಯೋಗೆ ಒಯ್ದು ಫೋಟೋ ಹಾಕಿಸುವುದು ದೊಡ್ಡ ಕೆಲಸವೇನಲ್ಲ. ಮೊದಲ ವರ್ಷ ಅವಳಿಗೆ ನೋಡುವ ಧೈರ್ಯವಿರಲಿಲ್ಲ. ಆಮೇಲೆ ಅವಸರವೇನು, ಅಲ್ಲೇ ಇದೆಯಲ್ಲ, ಎಲ್ಲಿಗೆ ಹೋಗುತ್ತದೆ ಅನ್ನಿಸಿತು. ಸವಿತಾ ಸಣ್ಣವಳಿದ್ದಾಗ "ಅಪ್ಪ ಹೆಂಗಿದ್ದ?" ಎಂದು ಕೇಳಿದಾಗೆಲ್ಲ ಗೂಡಿನ ಕಡೆ ಕೈ ತೋರಿಸುತ್ತಿದ್ದಳು. "ಅಲ್ಲದಾನ ನೋಡು. ಸ್ವಲ್ಪ ದೊಡ್ಡಾಕಿ ಆಗು, ತೋರಸ್ತೀನಿ." ಕೇಳಿ ಕೇಳಿ ಮಗು ಕೇಳುವುದನ್ನೇ ಬಿಟ್ಟಿತು. ಈಗ ಏಳು ವರ್ಷ, ಎರಡನೆಯ ಕ್ಲಾಸು. ಅವಳು ಕೇಳದಿರುವುದು ತಾಯಿಗೂ ಒಂದು ರೀತಿಯ ನೆಮ್ಮದಿಯಾಗಿತ್ತು.

ಆ ನೆಮ್ಮದಿಯ ಅಡಿಯಲ್ಲಿ ಒಂದು ಹೆದರಿಕೆ ಇತ್ತು. ಅದನ್ನವಳು ಯಾರಿಗೂ ಹೇಳಿರಲಿಲ್ಲ. ಹೇಳಲಿಕ್ಕೆ ಯಾರಿದ್ದರು? ಕಳೆದ ಆಷಾಢದಲ್ಲಿ ಯಾರದೋ ಫ್ಲಾಟಿನಲ್ಲಿ ಪಾತ್ರೆ ತೊಳೆಯುತ್ತ ಅವನನ್ನು ನೆನೆಸಿಕೊಂಡಾಗ ಅವನ ಬೆನ್ನು ಕಂಡಿತು, ತುಕ್ಕು ಹಿಡಿದು ಕೆಂಪಗಾದ ಬೆರಳುಗಳು ಕಂಡವು, ಟವೆಲನ್ನು ತಲೆಗೆ ಸುತ್ತುವ ರೀತಿ ಕಂಡಿತು. ಮುಖ ಕಾಣಲಿಲ್ಲ. ಅನ್ನದ ಗಂಜಿಯ ಆವಿ ಅಡ್ಡ ಬಂದ ಹಾಗೆ. ನಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿ ನೋಡಿದಳು. ಆಗಲೂ ಇಲ್ಲ. ಮನೆಗೆ ಬಂದವಳೇ ಗೂಡಿನ ಮುಂದೆ ನಿಂತು, 'ನನಗೆ ಕಾಣದಿದ್ದರೇನು, ಇದರಲ್ಲಿದೆ' ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಮಧ್ಯಾಹ್ನ ಮಹಾನಂದಾ ಕೆಲಸ ಮುಗಿಸಿ ಬರುವಾಗ ಕೃಷ್ಣಮ್ಮ ಜಗಲಿಯ ಮೇಲೆ ಕಾಲು ಚಾಚಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಒಂದು ಕಾಲದಲ್ಲಿ ಈ ಓಣಿಯೆಲ್ಲ ಅವಳ ಮಾವನ ರಾಗಿ ಹೊಲ.

"ಎಲ್ಲಿಗಮ್ಮಿ, ಒಸಾ ಸೀರೆ ತೆಗೆದಿಟ್ಟಿದ್ದೀಯ ಗೋಡೆ ಮ್ಯಾಗೆ?"

"ಫೋಟೋ ಹಾಕಿಸಾಕ ಹೊಂಟೀನ್ರೀ. ಅವರದು, ಕಾರ್ಡಿನ್ಯಾಗಿಂದು."

"ಅಲ್ಲಾ, ಫೋಟೋ ಅವನದು. ನೀನ್ಯಾಕೆ ಒಸಾ ಸೀರೆ ಉಡ್ತೀಯ?" ಎಂದು ಕೃಷ್ಣಮ್ಮ ನಕ್ಕಳು. ನಕ್ಕ ಮೇಲೆ ಅವಳಿಗೇ ಏನೋ ಆಗಿ, ಹುಣಸೆಬೀಜ ಕೊಡವಿ ಎದ್ದು ಕೂತಳು. "ಓಗು ಓಗು, ಉಟ್ಕೊಂಡೇ ಓಗು. ಕುಂದಲಹಳ್ಳಿ ಗೇಟ್ ತಾವ ನಮ್ ಬೈರಪ್ಪನ ಮಗ ಶಶಿಕುಮಾರ ಸ್ಟುಡಿಯೋ ಇಟ್ಟವ್ನೆ. ನಾನೇಳ್ದೆ ಅನ್ನು. ಬಾಯಿ ಜಾಸ್ತಿ, ಆದ್ರೆ ಕೆಲ್ಸ ಚೆನ್ನಾಗಿ ಮಾಡ್ತಾನೆ."

ಶಾಲೆ ಬಿಟ್ಟ ಮೇಲೆ ತಾಯಿ ಮಗಳು ಹೊರಟರು. ಕಾರ್ಡನ್ನು ವೀಳ್ಯದೆಲೆಯಲ್ಲಿಟ್ಟು, ಎಲೆಯನ್ನು ಕರ್ಚೀಫಿನಲ್ಲಿ ಸುತ್ತಿ, ಕರ್ಚೀಫನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು ಮಹಾನಂದಾ. ಟೆಕ್ ಪಾರ್ಕಿನ ಬಸ್ಸುಗಳು ಸಾಲುಗಟ್ಟಿ ನಿಂತಿದ್ದವು.

ಶಶಿಕುಮಾರನ ಸ್ಟುಡಿಯೋ ಉದ್ದಕ್ಕೆ ಹೆಚ್ಚು, ಅಗಲಕ್ಕೆ ಕಡಿಮೆ. ಮುಂದೆ ಜೆರಾಕ್ಸ್, ಹಿಂದೆ ನೀಲಿ ಪರದೆ, ನಡುವೆ ಕಂಪ್ಯೂಟರು. ಅವನು ಕರ್ಚೀಫು ಬಿಚ್ಚಿದ, ಎಲೆ ಬಿಚ್ಚಿದ, ಕಾರ್ಡನ್ನು ಬೆಳಕಿಗೆ ಹಿಡಿದ.

"ಅಕ್ಕ, ಇದೇನಿದು? ಕಾರ್ಡ್‌ಗೆ ಪೂಜೆ ಮಾಡ್ಬಿಟ್ಟಿದ್ದೀರ!" ಎಂದು ಅಂಗಡಿ ತುಂಬ ನಕ್ಕ. "ಕ್ಯಾಮೆರಾಗೆ ಆಯುಧಪೂಜೆ ನಾನೂ ಮಾಡ್ತೀನಿ, ನಿಂಬೆಹಣ್ಣೂ ಇಡ್ತೀನಿ. ಕಾರ್ಡ್‌ಗೆ ವಿಭೂತಿ ಹಚ್ಚಿದ್ದು ನೀವೇ ಫಸ್ಟು."

"ಪ್ರತಿ ಸೋಮವಾರ ಹಚ್ಚೀನ್ರೀ" ಎಂದಳು ಮಹಾನಂದಾ. ತಪ್ಪು ಮಾಡಿದೆನೆಂದು ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ. ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. "ನಾಲ್ಕ ವರ್ಷ ಒಂದ ಸೋಮವಾರ ತಪ್ಪಿಸಿಲ್ಲ. ಅದರಾಗ ಇವರಪ್ಪ ಅದಾರ."

ಶಶಿಕುಮಾರ ಸವಿತಾಳ ಮುಖ ನೋಡಿದ. ಅವನ ನಗು ನಿಂತಿತು.

"ಕೂತ್ಕೊಳಿ ಅಕ್ಕ" ಎಂದು ಸ್ಟೂಲು ಎಳೆದ. ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿದ. ಏನೂ ಬರಲಿಲ್ಲ. ಹೊರಗೆಳೆದು ಊದಿ ಮತ್ತೆ ಹಾಕಿದ. ಆಗಲೂ ಬರಲಿಲ್ಲ. "ಈ ಚಿನ್ನದ ಪಟ್ಟಿ ಇದಾವಲ್ಲ ಅಕ್ಕ, ಇವೇ ಇದ್ರ ಬಾಯಿ. ಇವು ಮುಟ್ಟಿದ್ರೇನೇ ಒಳಗಡೆ ಇರೋದು ಆಚೆ ಬರೋದು. ನೀವು ಸರಿಯಾಗಿ ಬಾಯಿ ಮೇಲೇನೇ ಹಚ್ಚಿದ್ದೀರ. ಪಾಪು, ನಿನ್ ಹತ್ರ ರಬ್ಬರ್ ಐತಾ?"

ಸವಿತಾ ಚೀಲದಿಂದ ತನ್ನ ಪೆನ್ಸಿಲ್ ಒರೆಸುವ ರಬ್ಬರು ತೆಗೆದು ಕೊಟ್ಟಳು. ಶಶಿಕುಮಾರ ಒಂದೊಂದೇ ಪಟ್ಟಿಯನ್ನು ರಬ್ಬರಿನಿಂದ ಉಜ್ಜಿದ. ಕುಂಕುಮ ರಬ್ಬರಿಗೆ ಹತ್ತಿ ಅದು ಕೆಂಪಾಯಿತು. ವಿಭೂತಿಯ ಕೆಳಗೆ ಪಟ್ಟಿಗಳಲ್ಲಿ ಎರಡು ಹಸಿರುಗಟ್ಟಿದ್ದವು. ಮೂರನೆಯ ಸಲ ಹಾಕಿದಾಗ ಕಂಪ್ಯೂಟರು ಟಿಂಗ್ ಎಂದಿತು. ಮಹಾನಂದಾ ಎದ್ದು ನಿಂತಳು.

"ನಿಂತ್ಕೊಬೇಡಿ, ಇನ್ನೂ ಬಂದಿಲ್ಲ. ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತಾ ಐತೆ. ಊಂ ಅಂದ್ರೆ ಎಲ್ಲಾ ಒರೆಸಿ ಖಾಲಿ ಮಾಡುತ್ತೆ."

"ಬ್ಯಾಡ ಅನ್ರಿ!"

"ಬೇಡಾನೇ ಅಂದೆ." ಅವನು ಬೇರೇನೋ ಒತ್ತಿದ. ಪರದೆಯ ಮೇಲೆ ಒಂದು ಹಸಿರು ಗೆರೆ ಇರುವೆಯಂತೆ ಹರಿಯತೊಡಗಿತು. "ಅಳಿಸಿ ಹೋಗಿರೋದ್ನ ಹುಡುಕೋ ಸಾಫ್ಟ್‌ವೇರ್ ಇದು. ಎಷ್ಟು ಸಿಗುತ್ತೋ ಅಷ್ಟು. ಅಕ್ಕ, ಬೇಜಾರ್ ಮಾಡ್ಕೊಬೇಡಿ, ಒಂದ್ ಮಾತು ಹೇಳ್ತೀನಿ. ಈ ಕಾರ್ಡ್ ಅನ್ನೋದು ಸಂತೆ ಚೀಲ ಇದ್ದಂಗೆ. ಮನೆಗೆ ತಂದ್ಮೇಲೆ ಡಬ್ಬಿಗೆ ಸುರ್ಕೊಂಡ್ಬಿಡ್ಬೇಕು. ಚೀಲದಲ್ಲೇ ನಾಲ್ಕ್ ವರ್ಷ ಇಟ್ರೆ ಹೆಂಗೆ? ನಿಮ್ ವಿಭೂತಿದೊಂದೇ ತಪ್ಪು ಅಂತಿಲ್ಲ. ಸುಮ್ನೆ ಇಟ್ಟಿದ್ದೂ ಹೋಗ್ತವೆ. ನಂದೇ ಒಂದ್ ಮದುವೆ ಕಾರ್ಡ್ ಹೋಯ್ತು. ಧಾರೆ ಇಲ್ಲ, ತಾಳಿ ಇಲ್ಲ, ಊಟದ್ದು ಮಾತ್ರ ನೂರೈವತ್ತು ಫೋಟೋ ಬಂತು. ಹುಡ್ಗಿ ಅಪ್ಪ ಕೇಳ್ದ, 'ಏನಯ್ಯ, ನಾವು ಮದುವೆ ಮಾಡ್ಲೇ ಇಲ್ವಾ?' ಅಂತ."

ಬೇರೆ ದಿನವಾಗಿದ್ದರೆ ಮಹಾನಂದಾಳೂ ನಗುತ್ತಿದ್ದಳೇನೋ. ಅವಳು ಹಸಿರು ಗೆರೆಯನ್ನು ನೋಡುತ್ತ ಕೂತಿದ್ದಳು. ನಾಲ್ಕು ವರ್ಷದ ಸೋಮವಾರಗಳು ಎಷ್ಟಾದವು? ಅಷ್ಟೂ ಸಲ, ಅಷ್ಟು ಶ್ರದ್ಧೆಯಿಂದ, ತನ್ನ ಕೈಯಾರೆ ಅವನ ಬಾಯಿ ಮುಚ್ಚಿದ್ದೆನೇ? ಮೂರು ಬೆರಳುಗಳನ್ನು ಸೆರಗಿನಲ್ಲಿ ಒರೆಸಿಕೊಂಡಳು. ಅವುಗಳಲ್ಲಿ ಏನೂ ಇರಲಿಲ್ಲ.

ಗೆರೆ ತುದಿ ಮುಟ್ಟುವ ಹೊತ್ತಿಗೆ ಬಸ್ಸುಗಳು ಹೋಗಿ ಬೀದಿ ಖಾಲಿಯಾಗಿತ್ತು. ಪರದೆಯ ಮೇಲೆ ಅರವತ್ತೊಂದು ಫೋಟೋಗಳ ಹೆಸರುಗಳು ಬಂದವು. ಶಶಿಕುಮಾರ ಒಂದೊಂದನ್ನೇ ತೆರೆದ. ಬೂದು ಚೌಕ. ಮತ್ತೊಂದು ಬೂದು ಚೌಕ. ಮೌಸಿನ ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು. ಅರವತ್ತೊಂದರಲ್ಲಿ ಮೂರು ತೆರೆದವು.

ಮೊದಲನೆಯದರಲ್ಲಿ ಆಕಾಶಕ್ಕೆ ನಿಂತ ಕಂಬಿಗಳ ಗೂಡು. ಇನ್ನೂ ಕಾಂಕ್ರೀಟು ಸುರಿಯದ ದೊಡ್ಡ ಕಂಬದ್ದು.

ಎರಡನೆಯದರಲ್ಲಿ ನಲ್ಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದ ಮಹಾನಂದಾ, ಹೆಗಲ ಮೇಲಿಂದ ಹಿಂದಕ್ಕೆ ತಿರುಗಿ ಗದರುತ್ತಿದ್ದಾಳೆ. ಎಷ್ಟು ಸಣ್ಣವಳಾಗಿ ಕಾಣುತ್ತಿದ್ದಳು! ಚಿತ್ರದ ಬಲ ಮೂಲೆಯಲ್ಲಿ ಕೆಂಪಗೆ, ಮಸುಕಾಗಿ, ಮೋಡದಂಥದ್ದೊಂದು ಮುದ್ದೆ.

"ತೆಗೆದೋರ ಬೆರಳು ಅಡ್ಡ ಬಂದೈತೆ" ಎಂದ ಶಶಿಕುಮಾರ.

"ಅವರು ಯಾವಾಗಲೂ ಹಂಗ. ಬೆರಳು ತಗೀರಿ ಅಂದ್ರ ಕೇಳತಿದ್ದಿಲ್ಲ" ಎಂದಳು ಅವಳು, ನಿನ್ನೆ ಮೊನ್ನೆಯ ಜಗಳದಂತೆ.

ಮೂರನೆಯದನ್ನು ಅವಳು ಕಂಡಕೂಡಲೇ ಗುರುತಿಸಿದಳು. ಆ ಹದಿನಾಲ್ಕರಲ್ಲಿ ಒಂದು ಅದು. ಮೇಲೆ ಆಕಾಶ, ಅದರ ಕೆಳಗೆ ಎರಡೂವರೆ ವರ್ಷದ ಸವಿತಾ ಹಲ್ಲು ಬಿಟ್ಟು ನಗುತ್ತಿದ್ದಾಳೆ. ಅವಳ ಎರಡು ಪುಟ್ಟ ಕೈಗಳು ಕೆಳಗಿರುವ ಒಂದು ಟವೆಲನ್ನು ಹಿಡಿದಿವೆ. ತಲೆಗೆ ಸುತ್ತಿದ ಕೆಂಪಂಚಿನ ಟವೆಲು. ಅದರ ಅಂಚಿಗೆ ಸರಿಯಾಗಿ ಚಿತ್ರ ಮುಗಿದುಹೋಗಿತ್ತು. ಅಲ್ಲಿಂದ ಕೆಳಗೆ ಪೂರ್ತಿ ಬೂದು.

"ನಾನು ಎದರ ಮ್ಯಾಲ ಕುಂತೀನಿ?" ಎಂದಳು ಸವಿತಾ.

"ಅಪ್ಪನ ಹೆಗಲ ಮ್ಯಾಲ."

ಸವಿತಾ ಪರದೆಯ ಹತ್ತಿರ ಹೋಗಿ ಬೂದು ಭಾಗದ ಮೇಲೆ ಅಂಗೈ ಇಟ್ಟಳು. ಶಶಿಕುಮಾರ ಬೇಡವೆನ್ನಲಿಲ್ಲ. ಉಳಿದವನ್ನು ಇನ್ನೊಂದು ಸಲ ತೆರೆದು ನೋಡಿದ. ಬೇರೆ ಸಾಫ್ಟ್‌ವೇರು ಹಾಕಿದ. ಅದೂ ಅವೇ ಮೂರನ್ನು ತಂದಿತು. ಕೊನೆಗೆ ಕತ್ತು ಉಜ್ಜಿಕೊಳ್ಳುತ್ತ ಹೇಳಿದ, "ಇಷ್ಟೇ ಅಕ್ಕ. ಸಿ.ಡಿ.ಗೆ ಹಾಕ್ಕೊಡ್ತೀನಿ, ನನ್ ಕಂಪ್ಯೂಟರಲ್ಲೂ ಒಂದು ಇಟ್ಕೊತೀನಿ. ಪ್ರಿಂಟೂ ಹಾಕ್ತೀನಿ. ಆ ಬೆರಳು, ಈ ಬೂದು, ಎರಡೂ ಕಟ್ ಮಾಡಿ ನೀಟಾಗಿ ಕೊಡ್ಲಾ?"

"ಬ್ಯಾಡ್ರೀ" ಎಂದಳು ಮಹಾನಂದಾ. "ಕತ್ತರಿ ಹಾಕಬ್ಯಾಡ್ರಿ. ಹೆಂಗ ಅದಾವ ಹಂಗ ಕೊಡ್ರಿ."

ಯಂತ್ರದಿಂದ ಫೋಟೋಗಳು ಬಿಸಿಬಿಸಿಯಾಗಿ ಹೊರಬಂದವು. ಅವನು ಅವನ್ನು ಕವರಿಗೆ ಹಾಕಿ ಸವಿತಾಳ ಕೈಗೆ ಕೊಟ್ಟ. ಕಾರ್ಡನ್ನು ಮತ್ತೆ ವೀಳ್ಯದೆಲೆಯಲ್ಲೇ ಸುತ್ತಿ ತಾಯಿಗೆ ಕೊಟ್ಟ. ರಬ್ಬರನ್ನೂ ಹಿಂದಿರುಗಿಸಿದ.

ಹೊರಗೆ ಇನ್ನೂ ಬೆಳಕಿತ್ತು. ಇಬ್ಬರೂ ರಸ್ತೆಯ ಅಂಚು ಹಿಡಿದು ನಡೆದರು. ಮಹಾನಂದಾ ಮನಸ್ಸಿನಲ್ಲೇ ಆ ಬೂದು ಜಾಗವನ್ನು ತುಂಬಲು ನೋಡುತ್ತಿದ್ದಳು. ಟವೆಲಿನ ಕೆಂಪಂಚು, ಅದರ ಕೆಳಗೆ ಹಣೆ. ಹಣೆಯ ಮೇಲೆ ಎಷ್ಟು ಗೆರೆಗಳಿದ್ದವು? ಹುಬ್ಬು ಕೂಡಿದ್ದವೇ, ಬೇರೆ ಬೇರೆಯೇ? ಮೂಗಿನ ಹತ್ತಿರ ಬರುವಷ್ಟರಲ್ಲಿ ಗಂಜಿಯ ಆವಿ ಮತ್ತೆ ಎದ್ದಿತು. ಅವಳು ಹಿಂದಕ್ಕೆ ಬಂದು ಪುನಃ ಟವೆಲಿನಿಂದ ಶುರು ಮಾಡಿದಳು. ಎಂಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವನು. ಈ ಊರಿನಲ್ಲಿ ಅವನ ಮುಖ ಬಲ್ಲವರು ಬೇರೆ ಯಾರಿದ್ದರು? ಜೊತೆಗೆ ಕಂಬಿ ಕಟ್ಟಿದವರು ಯಾವ ಯಾವ ಊರಿನ ಕಟ್ಟಡಗಳಿಗೋ ಹೋಗಿಬಿಟ್ಟಿದ್ದರು. ಕೃಷ್ಣಮ್ಮನಿಗೆ ಅವನು ಮೂರನೆ ರೂಮಿನವನು, ಅಷ್ಟೇ.

ಗಾಜಿನ ದೊಡ್ಡ ಕಟ್ಟಡದ ಮುಂದೆ ಬಂದಾಗ ಅವಳ ಕಾಲುಗಳು ತಾವಾಗಿ ನಿಧಾನವಾದವು.

"ಆ ಕಂಬಿ ಫೋಟೋ ಐತಲ್ಲ, ಅದು ಇಲ್ಲೀದು. ಆ ಮುಂದಿನ ಕಂಬದಾಗ ಐತಿ. ಈಗ ಕಾಣಂಗಿಲ್ಲ, ಮ್ಯಾಲ ಕಾಂಕ್ರೀಟ್ ಐತಿ."

ಸವಿತಾ ಕಂಬವನ್ನು ನೋಡಿದಳು. ಕವರಿನಿಂದ ಮೂರನೆಯ ಫೋಟೋ ತೆಗೆದು ಅದನ್ನೂ ನೋಡಿದಳು. ಬೆಳಿಗ್ಗೆ ಬಾಗಿಲಲ್ಲಿ ತೆರೆದ ಹಾಗೆಯೇ ಬಾಯಿ ತೆರೆದಳು, ಮುಚ್ಚಿದಳು. ಒಂದು ವಾರ ಯಾವುದೋ ಮಾತನ್ನು ಮಗಳು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಾಳೆಂದು ಮಹಾನಂದಾಗೆ ಈಗ ತಿಳಿಯಿತು. ವಾರವೇ ಏಕೆ, ಕೇಳುವುದನ್ನು ಬಿಟ್ಟ ದಿನದಿಂದಲೂ ಇರಬಹುದು. ಈ ಸಲ ಕೈ ತೋರಿಸಲು ಗೂಡು ಇರಲಿಲ್ಲ. ಅವಳು ರಸ್ತೆಯ ಅಂಚಿನಲ್ಲೇ ಕುಕ್ಕರಗಾಲಿನಲ್ಲಿ ಕೂತು ಮಗಳ ಎತ್ತರಕ್ಕೆ ಬಂದಳು. ಬಿಚ್ಚಿಹೋಗಿದ್ದ ರಿಬ್ಬನನ್ನು ಸರಿಯಾಗಿ ಕಟ್ಟಿದಳು. ಅವಸರ ಮಾಡಲಿಲ್ಲ.

"ಏನ ಕೇಳಬೇಕಂತೀ, ಕೇಳವಾ."

ಸವಿತಾ ಫೋಟೋದ ಬೂದು ಭಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದಳು. ಆಮೇಲೆ ತಲೆಯೆತ್ತಿ ತಾಯಿಯ ಕಣ್ಣನ್ನೇ ನೋಡುತ್ತ ಕೇಳಿದಳು:

"ಅವ್ವಾ, ಅಪ್ಪನ ಮಾರಿ ನಿನಗರ ನೆನಪೈತೇನು?"